ಹಜರತ್ ಖಾಜಾ ಬಂದೇನವಾಜ್ ಗೇಸುದರಾಜ್ (1321–1422): ಜೀವನ ಪರಿಚಯ ಮತ್ತು ಸಾವಳಗಿಯ ಸಂಬಂಧ

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ ಈ ಪರಿಚಯವನ್ನು ನೀಡಲಾಗಿದೆ. ಗೋಕಾಕ ತಾಲ್ಲೂಕಿನ ಸಾವಳಗಿಯ ಶ್ರೀ ಶಿವಲಿಂಗೇಶ್ವರ ಮಠವು ಹಿಂದೂ-ಮುಸ್ಲಿಂ ಭಾವೈಕ್ಯದ ಸ್ಥಳವೆಂದು ಈ ಭಾಗದಲ್ಲಿ ಹೆಸರಾಗಿದೆ. ಮಠದ ಮೂಲಪುರುಷರಾದ ಶಿವಲಿಂಗೇಶ್ವರರೂ ಕಲಬುರಗಿಯ ಸೂಫಿ ಸಂತರಾದ ಖಾಜಾ ಬಂದೇನವಾಜರೂ ಆತ್ಮೀಯ ಗೆಳೆಯರಾಗಿದ್ದರೆಂಬುದು ಪರಂಪರೆಯಿಂದ ಬಂದ ನಂಬಿಕೆ. ಶಿವಲಿಂಗೇಶ್ವರರ ವಿಷಯವನ್ನು ಇಲ್ಲಿಯ ಜನರು ಹಿರಿಯರಿಂದ ಕೇಳಿ ಬಲ್ಲರು. ಅವರ ಗೆಳೆಯರೆನ್ನಲಾದ ಖಾಜಾ ಅವರ ಹೆಸರು ಎಲ್ಲರಿಗೂ ಗೊತ್ತಿದ್ದರೂ ಅವರ ಬಾಳಿನ ವಿವರಗಳು ಅಷ್ಟಾಗಿ ಪರಿಚಿತವಲ್ಲ. ಆದುದರಿಂದ ಅವರ ಜೀವನವನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಕೊಡಲಾಗಿದೆ.

ಖಾಜಾ ಅವರ ನಿಜನಾಮ ಸೈಯದ್ ಮುಹಮ್ಮದ್ ಹುಸೇನಿ. 1321ರಲ್ಲಿ ದೆಹಲಿಯಲ್ಲಿ ಜನಿಸಿದರು. ತಂದೆ ಸೈಯದ್ ಯೂಸುಫ್ ಹುಸೇನಿಯವರು ಪ್ರಖ್ಯಾತ ಸೂಫಿ ಸಂತರಾದ ನಿಜಾಮುದ್ದೀನ್ ಔಲಿಯಾ ಅವರ ಶಿಷ್ಯರು. ಬಾಲಕನಿಗೆ ಆರೇಳು ವರ್ಷವಾಗಿದ್ದಾಗ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ವರ್ಗಾಯಿಸಿದನು. ದೆಹಲಿಯ ಅನೇಕ ಕುಟುಂಬಗಳಂತೆ ಇವರ ಕುಟುಂಬವೂ ದಖ್ಖನಿಗೆ ಬಂದಿತು. ಕೆಲವೇ ವರ್ಷಗಳಲ್ಲಿ ತಂದೆ ಅಲ್ಲಿಯೇ ತೀರಿಕೊಂಡರು. ಅವರ ಸಮಾಧಿ ದೌಲತಾಬಾದ್ ಸಮೀಪದ ಖುಲ್ದಾಬಾದಿನಲ್ಲಿದೆ. ತಂದೆಯಿಲ್ಲದ ಮಗನನ್ನು ಕರೆದುಕೊಂಡು ತಾಯಿ ದೆಹಲಿಗೆ ಹಿಂದಿರುಗಿದರು. ಆಗ ಹುಡುಗನ ವಯಸ್ಸು ಸುಮಾರು ಹದಿನೈದು.

ದೆಹಲಿಯಲ್ಲಿ ಅವರಿಗೆ ಗುರುಗಳಾಗಿ ದೊರೆತವರು ನಿಜಾಮುದ್ದೀನ್ ಔಲಿಯಾ ಅವರ ಉತ್ತರಾಧಿಕಾರಿಗಳಾದ ನಸೀರುದ್ದೀನ್ ಚಿರಾಗ್ ದೆಹಲವಿಯವರು. ಶಾಸ್ತ್ರಾಧ್ಯಯನ ಮತ್ತು ಧ್ಯಾನ ಎರಡನ್ನೂ ಒಟ್ಟಿಗೆ ನಡೆಸುವಂತೆ ಗುರುಗಳು ವಿಧಿಸಿದ್ದರು. ಗೇಸುದರಾಜ್ ಎಂಬ ಹೆಸರು ಬಂದುದು ಈ ಕಾಲದಲ್ಲಿಯೇ. ಪಾರಸಿ ಭಾಷೆಯಲ್ಲಿ ಇದರ ಅರ್ಥ ನೀಳವಾದ ಕೂದಲುಳ್ಳವರು. ಒಮ್ಮೆ ಗುರುಗಳ ಪಲ್ಲಕ್ಕಿಯನ್ನು ಹೊರುತ್ತಿದ್ದಾಗ ಅವರ ಉದ್ದನೆಯ ಕೂದಲು ಪಲ್ಲಕ್ಕಿಗೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುಗಳ ಪ್ರಯಾಣಕ್ಕೆ ಅಡ್ಡಿಯಾಗುವುದೆಂದು ನೋವನ್ನು ಸಹಿಸಿಕೊಂಡೇ ನಡೆದರೆಂದು ಹೇಳುತ್ತಾರೆ. ಬಂದೇನವಾಜ್ ಎಂಬುದು ಜನರು ಪ್ರೀತಿಯಿಂದ ಕರೆದ ಹೆಸರು. ಸೇವಕರನ್ನು, ದೀನರನ್ನು ಆದರಿಸುವವರು ಎಂದು ಅದರ ಅರ್ಥ.

1356ರಲ್ಲಿ ಗುರುಗಳು ದೇಹಬಿಟ್ಟ ನಂತರ ಬೋಧನೆಯ ಹೊಣೆ ಇವರ ಮೇಲೆ ಬಂದಿತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ದೆಹಲಿಯಲ್ಲಿ ಈ ಕಾರ್ಯ ನಡೆಸಿದರು. ನಲವತ್ತರ ಹೊತ್ತಿಗೆ ವಿವಾಹವಾಗಿ ಸಂಸಾರಿಯಾದರು. ಹಿರಿಯ ಮಗ ಸೈಯದ್ ಅಕ್ಬರ್ ಹುಸೇನಿಯವರು ತಂದೆಯ ಮಾತುಕತೆಗಳನ್ನು ಜವಾಮಿ-ಉಲ್-ಕಲಿಮ್ ಎಂಬ ಪಾರಸಿ ಗ್ರಂಥದಲ್ಲಿ ಸಂಗ್ರಹಿಸಿದ್ದಾರೆ. ಖಾಜಾ ಅವರ ವಿಚಾರಗಳನ್ನು ತಿಳಿಯಲು ಇದು ಮುಖ್ಯ ಆಧಾರವಾಗಿರುತ್ತದೆ.

ಸದರಿ ಗ್ರಂಥದಿಂದ ತಿಳಿದುಬರುವ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಖಾಜಾ ಅವರು ಸಂಸ್ಕೃತವನ್ನು ಕಲಿತಿದ್ದರು, ಹಿಂದೂ ಪುರಾಣಕಥೆಗಳನ್ನು ಬಲ್ಲವರಾಗಿದ್ದರು ಮತ್ತು ಬ್ರಾಹ್ಮಣ ವಿದ್ವಾಂಸರೊಡನೆ ಚರ್ಚೆ ನಡೆಸುತ್ತಿದ್ದರು. ಇದನ್ನು ಓದಿದ ಕೂಡಲೇ ಅವರು ಎಲ್ಲ ಮತಗಳನ್ನೂ ಒಂದುಗೂಡಿಸಲು ಹೊರಟವರೆಂದು ಬರೆಯುವ ರೂಢಿಯುಂಟು. ಅದು ಸರಿಯಲ್ಲ. ಆ ಚರ್ಚೆಗಳಲ್ಲಿ ತಮ್ಮ ಧರ್ಮವೇ ಸರಿಯೆಂದು ಸಾಧಿಸುವುದು ಅವರ ಉದ್ದೇಶವಾಗಿತ್ತು. ಶರೀಅತ್ ನಿಯಮಗಳ ವಿಷಯದಲ್ಲಿ ಅವರು ಕಟ್ಟುನಿಟ್ಟಿನವರು. ಎಲ್ಲವೂ ಒಂದೇ ಎಂಬ ಅರ್ಥ ಕೊಡುವ ಇಬ್ನ್ ಅರಬಿಯವರ ತತ್ತ್ವವನ್ನು, ಸೂಫಿಗಳಲ್ಲಿ ಬಹುಮಂದಿ ಒಪ್ಪಿದ್ದರೂ, ಅವರು ಒಪ್ಪಲಿಲ್ಲ. ಇಂತಹವರ ಬಾಗಿಲಿಗೆ ಬೇರೆ ಧರ್ಮದ ಜನರು ಆರು ನೂರು ವರ್ಷಗಳಿಂದ ಬರುತ್ತಿದ್ದಾರೆ ಮತ್ತು ಒಂದು ಲಿಂಗಾಯತ ಮಠವು ಅವರನ್ನು ತನ್ನ ಮೂಲಗುರುವಿನ ಗೆಳೆಯರೆಂದು ನೆನೆಯುತ್ತಿದೆ. ತನ್ನ ಮತವನ್ನು ಸಡಿಲಿಸಿದವನಿಗೆ ಮಾತ್ರ ಅನ್ಯಧರ್ಮೀಯರ ಸ್ನೇಹ ಸಾಧ್ಯವೆಂದು ತಿಳಿದವರು ಈ ವಿಷಯವನ್ನು ಗಮನಿಸಬಹುದು.

1398ರಲ್ಲಿ ತೈಮೂರನ ಸೈನ್ಯ ದೆಹಲಿಯ ಕಡೆಗೆ ಬರುತ್ತಿರುವ ಸುದ್ದಿ ಹಬ್ಬಿದಾಗ ಖಾಜಾ ಅವರು ಕುಟುಂಬ ಹಾಗೂ ಶಿಷ್ಯರೊಂದಿಗೆ ನಗರವನ್ನು ತೊರೆದರು. ಆಗ ಅವರಿಗೆ ಎಪ್ಪತ್ತೇಳು ವರ್ಷ. ಗ್ವಾಲಿಯರ್, ಗುಜರಾತ್ ಮಾರ್ಗವಾಗಿ ತಂದೆಯ ಸಮಾಧಿಯಿರುವ ದೌಲತಾಬಾದ್ ಪ್ರಾಂತಕ್ಕೆ ಬಂದು, ಅಲ್ಲಿಂದ 1400ರ ಸುಮಾರಿಗೆ ಬಹಮನಿ ರಾಜಧಾನಿಯಾಗಿದ್ದ ಕಲಬುರಗಿಯನ್ನು ತಲುಪಿದರು. ಅವರ ಹೆಸರು ಉಳಿದುದು ಈ ಇಳಿವಯಸ್ಸಿನಲ್ಲಿ ಬಂದು ಸೇರಿದ ಊರಿನಲ್ಲಿ.

ಸುಲ್ತಾನ ಫಿರೋಜ್ ಷಾ ಬಹಮನಿಯು (ಆಳ್ವಿಕೆ 1397–1422) ಮೊದಲು ಅವರನ್ನು ಆದರದಿಂದ ಬರಮಾಡಿಕೊಂಡನು. ಫಿರೋಜ್ ಷಾ ಸ್ವತಃ ವಿದ್ವಾಂಸ, ಅನೇಕ ಭಾಷೆಗಳನ್ನು ಬಲ್ಲವನು, ಖಗೋಳ ಮತ್ತು ತರ್ಕಶಾಸ್ತ್ರಗಳಲ್ಲಿ ಆಸಕ್ತ. ಇತಿಹಾಸಕಾರ ಫೆರಿಷ್ತಾ ಬರೆದಿರುವಂತೆ, ಆ ಶಾಸ್ತ್ರಗಳಲ್ಲಿ ಖಾಜಾ ಅವರಿಗೆ ತನ್ನಷ್ಟು ಪರಿಣತಿ ಇಲ್ಲವೆಂದು ಕಂಡು ಸುಲ್ತಾನನ ಗೌರವ ತಗ್ಗಿತು. ಆತನ ತಮ್ಮ ಅಹ್ಮದನಿಗೆ ಮಾತ್ರ ಅವರಲ್ಲಿ ಭಕ್ತಿ ಬೆಳೆಯಿತು. ಮುಂದೆ ಫಿರೋಜ್ ಷಾ ತನ್ನ ಮಗ ಹಸನ್ ಖಾನನನ್ನು ಉತ್ತರಾಧಿಕಾರಿಯೆಂದು ಆಶೀರ್ವದಿಸಲು ಕೇಳಿದಾಗ ಖಾಜಾ ಅವರು ಒಪ್ಪಲಿಲ್ಲ. ಸಿಂಹಾಸನ ಅಹ್ಮದನ ಪಾಲಿನದು ಎಂದು ತಿಳಿಸಿದರು. ಸುಲ್ತಾನನಿಗೆ ಸಿಟ್ಟು ಬಂದಿತು. ಕೋಟೆಯ ಹತ್ತಿರ ಇಷ್ಟು ಜನ ಸೇರುವುದು ಸರಿಯಲ್ಲವೆಂಬ ಕಾರಣ ನೀಡಿ ಖಾನಖಾಹನ್ನು ಬೇರೆಡೆಗೆ ಸ್ಥಳಾಂತರಿಸುವಂತೆ ಆಜ್ಞೆ ಹೊರಡಿಸಿದನು. ಖಾಜಾ ಅವರು ವಾದ ಮಾಡದೆ ಊರ ಹೊರಗಿನ ಸ್ಥಳಕ್ಕೆ ಹೋದರು. ಜನರೂ ಅಲ್ಲಿಗೇ ಬರತೊಡಗಿದರು. ಇಂದಿನ ದರ್ಗಾ ಇರುವುದು ಅದೇ ಸ್ಥಳದಲ್ಲಿ.

1422ರಲ್ಲಿ ಅಹ್ಮದ್ ಷಾ ಸಿಂಹಾಸನವೇರಿದನು. ಅದೇ ವರ್ಷ ನವೆಂಬರ್ 1ರಂದು ಖಾಜಾ ಅವರು ನಿಧನರಾದರು. ಸೌರಮಾನದಂತೆ ನೂರೊಂದು ವರ್ಷ, ಹಿಜರಿ ಲೆಕ್ಕದಂತೆ ನೂರನಾಲ್ಕು ವರ್ಷದ ಬದುಕು. ಹಿರಿಯ ಮಗ ಅವರ ಕಣ್ಣೆದುರೇ ತೀರಿಹೋಗಿದ್ದರು. ಸಮಾಧಿಯ ಮೇಲಿನ ಕಟ್ಟಡ ಅಹ್ಮದ್ ಷಾನ ಕಾಲದ್ದು.

ಅವರ ಹೆಸರಿನಲ್ಲಿ ಪಾರಸಿ ಮತ್ತು ಅರಬ್ಬಿ ಗ್ರಂಥಗಳು ಬಹಳವಾಗಿವೆ. ದಖ್ಖನಿ ಉರ್ದುವಿನ ಮೊದಲ ಗದ್ಯವೆಂದು ಹೇಳಲಾಗುತ್ತಿದ್ದ ಮೇರಾಜ್-ಉಲ್-ಆಶಿಖೀನ್ ಅವರದಲ್ಲವೆಂದು ಈಚಿನ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಸಾವಳಗಿಯ ಸಂಬಂಧ

ಖಾಜಾ ಅವರು ಜೀವಿಸಿದ್ದ ಕಾಲದಲ್ಲಿ ಬೆಳಗಾವಿ ಕೋಟೆ ಬಹಮನಿಗಳ ಕೈಯಲ್ಲಿ ಇರಲಿಲ್ಲ. ಅದನ್ನು ಮಹಮೂದ್ ಗಾವಾನನು ಗೆದ್ದುದು 1472ರಲ್ಲಿ, ಅಂದರೆ ಖಾಜಾ ಅವರು ತೀರಿಕೊಂಡ ಐವತ್ತು ವರ್ಷಗಳ ನಂತರ. ಹುಕ್ಕೇರಿಯಲ್ಲಿ ಇಂದು ಕಾಣುವ ಗುಮ್ಮಟಗಳು ಅದಕ್ಕೂ ಈಚಿನವು, ಆದಿಲಶಾಹಿ ಕಾಲಕ್ಕೆ ಸೇರಿದವು. ಆದುದರಿಂದ ಸಾವಳಗಿ ಮತ್ತು ಕಲಬುರಗಿಯ ನಂಟನ್ನು ದೊರೆಗಳ ಆಡಳಿತ ತಂದ ನಂಟೆಂದು ಹೇಳಲಾಗದು. ಸಾಧಕರ ಸಂಚಾರದಿಂದ, ಭಕ್ತರ ನಡೆದಾಟದಿಂದ ಬೆಳೆದ ನಂಟೆಂದು ತಿಳಿಯುವುದೇ ಹೆಚ್ಚು ಸಮಂಜಸ.

ಈ ಗೆಳೆತನದ ನೆನಪನ್ನು ಕಾಪಾಡಿರುವುದು ಮಠದ ಪರಂಪರೆ ಮತ್ತು ಜನರ ನಂಬಿಕೆ, ಆಸ್ಥಾನದ ಚರಿತ್ರೆಕಾರರಲ್ಲ. ಅವರ ಗಮನವಿದ್ದುದು ಯುದ್ಧ ಮತ್ತು ಪಟ್ಟಾಭಿಷೇಕಗಳ ಮೇಲೆ. ಇಬ್ಬರು ಸಂತರ ಭೇಟಿಯ ಕುರಿತು ಪವಾಡದ ಕಥೆಗಳೂ ಪ್ರಚಲಿತವಿದ್ದು, ಅವನ್ನು ಭಕ್ತರ ಶ್ರದ್ಧೆಗೆ ಬಿಟ್ಟು ಇಲ್ಲಿ ಸೇರಿಸಿರುವುದಿಲ್ಲ. ಕಣ್ಣಿಗೆ ಕಾಣುವ ಆಚರಣೆಯೇ ಸಾಕಷ್ಟು ಹೇಳುತ್ತದೆ. ವಿಶೇಷ ಸಂದರ್ಭಗಳಲ್ಲಿ ಸಾವಳಗಿಯ ಪೀಠಾಧಿಪತಿಗಳು ಹಸಿರು ಬಣ್ಣದ ಉಡುಪನ್ನು ಧರಿಸುವ ಸಂಪ್ರದಾಯವಿದೆ. ಗೆಳೆಯರ ನೆನಪಿಗಾಗಿ ಎಂಬುದು ಅದಕ್ಕೆ ಕೊಡುವ ವಿವರಣೆ. ಮಠದ ಜಾತ್ರೆಯಲ್ಲಿ ಎರಡೂ ಧರ್ಮದವರು ಪಾಲ್ಗೊಳ್ಳುತ್ತಾರೆ. ಕಾವಿಯನ್ನು ಗೌರವಿಸುವ ಭಕ್ತ ಸಮುದಾಯವು ತನ್ನ ಗುರುವಿನ ಮೈಮೇಲೆ ಹಸಿರನ್ನು ಕಂಡು ಕೈಮುಗಿಯುವುದು ಸಣ್ಣ ವಿಷಯವಲ್ಲ. ಅನುಮಾನ ಹೆಚ್ಚಿದ ಕಾಲಗಳಲ್ಲಿ ಇಂತಹ ರೂಢಿಗಳೇ ಮೊದಲು ಕೈಬಿಡಲ್ಪಡುತ್ತವೆ. ಇಲ್ಲಿ ಅದು ಕೈಬಿಟ್ಟುಹೋಗಿಲ್ಲ.

ಇದೇ ಬಗೆಯ ಇನ್ನೊಂದು ಉದಾಹರಣೆ ಖಾಜಾ ಅವರ ಭಕ್ತನಾದ ಅಹ್ಮದ್ ಷಾನದೇ ಆಗಿದೆ. ಆತನು ರಾಜಧಾನಿಯನ್ನು ಬೀದರಿಗೆ ಸ್ಥಳಾಂತರಿಸಿದನು. 1436ರಲ್ಲಿ ತೀರಿಕೊಂಡ ಆತನ ಸಮಾಧಿ ಬೀದರ ಸಮೀಪದ ಅಷ್ಟೂರಿನಲ್ಲಿದೆ. ಮುಸ್ಲಿಮರು ಆತನನ್ನು ವಲಿ ಎಂದು ಗೌರವಿಸಿದರೆ ಲಿಂಗಾಯತ ಭಕ್ತರು ಅಲ್ಲಮಪ್ರಭುವಿನ ಅವತಾರವೆಂದು ನಂಬುತ್ತಾರೆ. ಅಲ್ಲಿಯ ಉರುಸು ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಹಿಂದೂ ಪಂಚಾಂಗದಂತೆ ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಬರುವ ಜಂಗಮರು ಶಂಖ ಊದಿ ಸಮಾಧಿಗೆ ಹೂವು ಅರ್ಪಿಸುತ್ತಾರೆ.

ಸಂದರ್ಶಕರ ಗಮನಕ್ಕೆ

ಕಲಬುರಗಿಯ ಖಾಜಾ ಬಂದೇನವಾಜ್ ದರ್ಗಾದ ಉರುಸು ಹಿಜರಿ ವರ್ಷದ ಜುಲ್‌ಖಾದ್ ತಿಂಗಳ 15ರಿಂದ 17ರವರೆಗೆ ನಡೆಯುತ್ತದೆ. ಮೊದಲ ದಿನ ಗಂಧದ ಮೆರವಣಿಗೆ ಇರುತ್ತದೆ. ಹಿಜರಿ ವರ್ಷವು ಸುಮಾರು 11 ದಿನಗಳಷ್ಟು ಚಿಕ್ಕದಾದುದರಿಂದ ದಿನಾಂಕವು ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ. ಪ್ರಯಾಣ ನಿಗದಿಪಡಿಸುವವರು ಆಯಾ ವರ್ಷದ ಕ್ಯಾಲೆಂಡರ್ ನೋಡಿಕೊಳ್ಳತಕ್ಕದ್ದು. ಗೋಕಾಕ, ಮೂಡಲಗಿ ಭಾಗದಿಂದ ತೆರಳುವವರಿಗೆ ವಿಜಯಪುರದ ಮೂಲಕ ರಸ್ತೆ ಮಾರ್ಗವಿದೆ. ಸಾವಳಗಿ ಮಠಕ್ಕೆ ಭೇಟಿ ನೀಡುವವರು ಗೋಕಾಕ ಪಟ್ಟಣದ ಮೂಲಕ ಹೋಗಬಹುದು. ಎರಡೂ ಸ್ಥಳಗಳು ಪೂಜಾಸ್ಥಾನಗಳಾಗಿದ್ದು, ಛಾಯಾಚಿತ್ರ ತೆಗೆಯುವ ಮುನ್ನ ಅಲ್ಲಿಯವರ ಅನುಮತಿ ಪಡೆಯಲು ಕೋರಲಾಗಿದೆ.