ಕುಮಾರಿ ಕಾರ್ನೀಲಿಯಾ ಸೊರಾಬ್ಜಿಯ ಮೊದಲ ವರುಷ

ಕಾಲಜ್ಞಾನದ ಬಸವಣ್ಣನವರ ಹೆಸರಿನಿಂದ ಪ್ರಸಿದ್ಧವಾದ ನಮ್ಮ ಕೊಡೇಕಲ್ಲಿನಿಂದಲೂ ಸುತ್ತಲಿನ ಸುರಪುರ ಸೀಮೆಯ ಗ್ರಾಮಗಳಿಂದಲೂ ಪ್ರತಿ ವರುಷ ಕೆಲವು ಮಂದಿ ಬಾಲಿಕೆಯರು ಹೈಸ್ಕೂಲಿನ ವ್ಯಾಸಂಗವನ್ನು ಮುಗಿಸಿ ಕಲಬುರಗಿಗೋ ಧಾರವಾಡಕ್ಕೋ ಬೆಂಗಳೂರಿಗೋ ಕಾಲೇಜಿಗೆಂದು ಹೊರಡುತ್ತಾರೆ. ಬುತ್ತಿಯ ಗಂಟಿನಲ್ಲಿ ಕಟಕ ರೊಟ್ಟಿಯೂ ಶೇಂಗಾದ ಹಿಂಡಿಯೂ ಇರುವವು. ರೊಟ್ಟಿ ತೀರಿದ ಬಳಿಕ ವಿದ್ಯಾರ್ಥಿನಿ ನಿಲಯದಲ್ಲಿ ಕಳೆಯುವ ದಿನಗಳು ಎಂಥವೆಂಬುದನ್ನು ಹೋಗಿಬಂದವರೇ ಬಲ್ಲರು. ಹಾಗೆ ಹೊರಡಲಿರುವ ಪ್ರಿಯ ಸೋದರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ಕರ್ನಾಟಕದ ಬೆಳಗಾವಿಯಲ್ಲಿ ಬಾಲ್ಯದ ಕೆಲವು ಕಾಲವನ್ನು ಕಳೆದು, ಮುಂದೆ ಏಳು ಸಮುದ್ರದಾಚೆ ಕಲಿಯಹೋದ ಒಬ್ಬ ತರುಣಿಯ ವೃತ್ತಾಂತವನ್ನು ಇಲ್ಲಿ ಬರೆಯುತ್ತೇನೆ.

ಕಾರ್ನೀಲಿಯಾ ಸೊರಾಬ್ಜಿಯು ೧೮೬೬ನೆಯ ಇಸವಿ ನವೆಂಬರ್ ೧೫ರಂದು ನಾಸಿಕದಲ್ಲಿ ಹುಟ್ಟಿದಳು. ತಂದೆ ಸೊರಾಬ್ಜಿ ಖರ್ಸೇಟ್‌ಜಿಯವರು ಪಾರಸಿ ಮನೆತನದಲ್ಲಿ ಹುಟ್ಟಿ ಕ್ರೈಸ್ತ ಮತವನ್ನು ಅವಲಂಬಿಸಿ ಮಿಶನ್ ಸೇವೆಗೆ ನಿಂತವರು. ತಾಯಿ ಫ್ರಾನ್ಸಿನಾ ಅವರನ್ನು ಫೋರ್ಡ್ ಎಂಬ ಆಂಗ್ಲ ದಂಪತಿಗಳು ಸಾಕಿ ಬೆಳೆಸಿದ್ದರು. ಆ ಸಾಕುತಾಯಿಯ ಹೆಸರೇ ಮಗಳಿಗೆ ಬಂದಿತು. ಫ್ರಾನ್ಸಿನಾ ಅವರು ಪುಣೆಯಲ್ಲಿ ವಿಕ್ಟೋರಿಯಾ ಹೈಸ್ಕೂಲನ್ನು ಸ್ಥಾಪಿಸಿ ನಡೆಯಿಸಿದರು. ಮನೆಯಲ್ಲಿ ಹೆಣ್ಣುಮಕ್ಕಳೇ ಬಹಳ. ಹೆಣ್ಣು ಕಲಿಯಬಹುದೋ ಬಾರದೋ ಎಂಬ ಪ್ರಶ್ನೆಯು ಆ ಮನೆಯಲ್ಲಿ ಏಳಲೇ ಇಲ್ಲವೆಂದು ತೋರುತ್ತದೆ. ಮುಂದೆ ತಂಗಿಯರಲ್ಲಿ ಸೂಸಿಯು ಪುಣೆಯಲ್ಲಿ ಶಾಲೆಯನ್ನು ತೆರೆದಳು. ಆಲಿಸಳು ವೈದ್ಯಳಾಗಿ ವಾಯವ್ಯ ಗಡಿಯ ಬನ್ನುವಿನಲ್ಲಿ ರೋಗಿಗಳ ಸೇವೆ ಮಾಡಿದಳು.

ಪುಣೆಯ ಡೆಕ್ಕನ್ ಕಾಲೇಜಿಗೆ ಸೇರಿದ ಮೊದಲ ವಿದ್ಯಾರ್ಥಿನಿಯು ಕಾರ್ನೀಲಿಯಾ. ಆಕೆಯು ಬರುವುದನ್ನು ಕಂಡು ಗಂಡು ಹುಡುಗರು ತರಗತಿಯ ಬಾಗಿಲನ್ನು ಮುಚ್ಚುತ್ತಿದ್ದರೆಂಬ ಮಾತುಂಟು. ಮುಚ್ಚಿದವರೆಲ್ಲರನ್ನೂ ಆಕೆಯು ಪದವಿಯ ಪರೀಕ್ಷೆಯಲ್ಲಿ ಹಿಂದೆ ಹಾಕಿ, ಪ್ರಥಮ ವರ್ಗದಲ್ಲಿ ತೇರ್ಗಡೆಯಾಗಿ, ಮುಂಬಯಿ ವಿಶ್ವವಿದ್ಯಾಲಯದ ಮೊದಲ ಪದವೀಧರೆಯೆನಿಸಿದಳು. ಅಷ್ಟು ಅಂಕಗಳನ್ನು ಪಡೆದವರಿಗೆ ವಿಲಾಯತಿಯಲ್ಲಿ ಮುಂದಕ್ಕೆ ಓದಲು ಸರ್ಕಾರದ ವಿದ್ಯಾರ್ಥಿವೇತನವು ದೊರೆಯತಕ್ಕದ್ದಾಗಿತ್ತು. ಅದು ಈಕೆಗೆ ದೊರೆಯಲಿಲ್ಲ. ಹೆಣ್ಣೆಂಬುದರ ಹೊರತು ಬೇರೆ ಕಾರಣವಿರಲಿಲ್ಲ.

ಕಾರ್ನೀಲಿಯಾ ಅಳುತ್ತ ಕೂಡಲಿಲ್ಲ. ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಕೆಲವು ಕಾಲ ಇಂಗ್ಲಿಷಿನ ಅಧ್ಯಾಪಕಿಯಾಗಿ ಗಂಡು ವಿದ್ಯಾರ್ಥಿಗಳಿಗೇ ಪಾಠ ಹೇಳಿದಳು. ೧೮೮೮ರಲ್ಲಿ ತನ್ನ ವ್ಯಾಸಂಗಕ್ಕೆ ನೆರವು ಬೇಕೆಂದು ಲಂಡನ್ನಿನ ನ್ಯಾಶನಲ್ ಇಂಡಿಯನ್ ಅಸೋಸಿಯೇಶನ್ನಿಗೆ ಬರೆದುಕೊಂಡಳು. ಶ್ರೀಮತಿ ಮೇರಿ ಹಾಬ್‌ಹೌಸ್, ಕುಮಾರಿ ಅಡಿಲೇಡ್ ಮ್ಯಾನಿಂಗ್ ಎಂಬವರು ಈ ಕಾರ್ಯವನ್ನು ಕೈಗೆತ್ತಿಕೊಂಡು ಹಣವನ್ನು ಕೂಡಿಸಿದರು. ಫ್ಲಾರೆನ್ಸ್ ನೈಟಿಂಗೇಲರೂ ಸರ್ ವಿಲಿಯಂ ವೆಡ್ಡರ್‌ಬರ್ನರೂ ಕೊಟ್ಟವರಲ್ಲಿ ಸೇರಿದ್ದರು. ಹಕ್ಕಿನಿಂದ ಬರಬೇಕಾದುದು ದಯೆಯಿಂದ ಬಂದಂತಾಯಿತು. ಈ ಎರಡಕ್ಕೂ ಇರುವ ಅಂತರವು ಉಂಡವರಿಗೆ ತಿಳಿಯುವಷ್ಟು ಬಡಿಸಿದವರಿಗೆ ತಿಳಿಯದು; ಕೊಟ್ಟವರು ಒಳ್ಳೆಯವರೇ ಆದರೂ ಕೊಟ್ಟವರ ಮುಂದೆ ಬೇಸರವನ್ನು ತೋರುವುದು ಕಷ್ಟ.

೧೮೮೯ರ ಶರತ್ಕಾಲದಲ್ಲಿ ಆಕೆಯು ಆಕ್ಸ್‌ಫರ್ಡಿನ ಸಾಮರ್‌ವಿಲ್ ಎಂಬ ಸ್ತ್ರೀಯರ ವಿದ್ಯಾನಿಲಯವನ್ನು ಸೇರಿದಳು. ಹನ್ನೆರಡು ಮಂದಿ ವಿದ್ಯಾರ್ಥಿನಿಯರಿಂದ ತೊಡಗಿದ ಆ ನಿಲಯಕ್ಕೆ ಆಗ ಹತ್ತೇ ವರುಷ. ಸೇರಿದ ಕೆಲವೇ ವಾರಗಳಲ್ಲಿ ಆಕೆಯ ಇಪ್ಪತ್ತಮೂರನೆಯ ಹುಟ್ಟುಹಬ್ಬವು ಬಂದಿತು. ತಾಯಿತಂದೆಗಳೂ ತಂಗಿಯರೂ ಪುಣೆಯಲ್ಲಿ. ನಮ್ಮ ಕಡೆಯ ಬಿಸಿಲಿನಲ್ಲಿ ಬೆಳೆದವರಿಗೆ ಆ ದೇಶದ ಚಳಿಗಾಲವು ಊಹೆಗೆ ನಿಲುಕದು. ಡಿಸೆಂಬರಿನಲ್ಲಿ ಅಲ್ಲಿ ಹಗಲು ನಾಲ್ಕು ಗಂಟೆಗೇ ಮುಗಿದು ದೀಪ ಹಚ್ಚಬೇಕಾಗುವುದು. ಇಂಥಲ್ಲಿಯೂ ಆಕೆಯು ಸೀರೆಯನ್ನು ಬಿಡಲಿಲ್ಲ. ಆ ಸೀರೆಯಿಂದಲೇ ಊರವರ ಕಣ್ಣೆಲ್ಲ ಆಕೆಯ ಮೇಲೆ. ಧರ್ಮಕಾರ್ಯದ ಸಭೆಗಳವರು ಆಕೆಯನ್ನು ಕರೆದು, ಎದ್ದುನಿಂತು ನಾಲ್ಕು ಮಾತಾಡೆಂದು ಕೇಳುತ್ತಿದ್ದರು. ಓದಲು ಬಂದವಳಿಗೆ ನೋಟದ ವಸ್ತುವಾಗುವುದು ಹಿತವೆನಿಸಲಿಲ್ಲ.

ಮನೆಗೆ ಆಕೆಯು ಬಿಡದೆ ಪತ್ರ ಬರೆಯುತ್ತಿದ್ದಳು. ಸುಯೆಜ್ ಕಾಲುವೆಯು ತೆರೆದು ಇಪ್ಪತ್ತು ವರುಷವಾಗಿದ್ದರೂ ಅಂಚೆಯ ಹಡಗು ಅತ್ತಿಂದಿತ್ತ ಬರಲು ಎರಡು ಮೂರು ವಾರ ಹಿಡಿಯುತ್ತಿತ್ತು. ಜ್ವರ ಬಂದಿದೆಯೆಂದು ಮಗಳು ಬರೆದರೆ, ಕಷಾಯ ಕುಡಿಯೆಂಬ ತಾಯಿಯ ಉತ್ತರವು ತಲುಪುವುದರೊಳಗೆ ಜ್ವರವು ಬಿಟ್ಟು ತಿಂಗಳಾಗಿರುವುದು. ಈಗಿನ ಬಾಲಿಕೆಯರು ನಿಲಯದ ಮೆಟ್ಟಲಲ್ಲಿ ಕುಳಿತು ಕೈಯಲ್ಲಿರುವ ಯಂತ್ರದಲ್ಲಿ ಅವ್ವನ ಮುಖವನ್ನೇ ನೋಡಿ ಮಾತಾಡಬಲ್ಲರು. ಇದರಿಂದ ಮನೆಯ ಹಂಬಲವು ಕಡಮೆಯಾಗಿದೆಯೋ ಹೆಚ್ಚಿದೆಯೋ ನಾನು ಹೇಳಲಾರೆನು.

ಇನ್ನು ಓದಿನ ವಿಷಯ. ಕಾರ್ನೀಲಿಯಾಗೆ ಕಾನೂನಿನ ಮೇಲೆ ಮನಸ್ಸು. ಪರದೆಯೊಳಗಿರುವ ಸ್ತ್ರೀಯರು ಆಸ್ತಿಯುಳ್ಳವರಾಗಿದ್ದೂ ಗಂಡಸು ವಕೀಲರೆದುರು ಬರಲಾರದೆ ಮೋಸಹೋಗುವುದನ್ನು ಆಕೆಯು ತಿಳಿದವಳು. ಆದರೆ ಅಲ್ಲಿ ಮೊದಲು ಆಕೆಗೆ ಗೊತ್ತುಮಾಡಿದುದು ಆಂಗ್ಲ ಸಾಹಿತ್ಯ. ಹೆಣ್ಣು ವಕೀಲಿ ಮಾಡುವ ದೇಶವು ಆಗ ಆಂಗ್ಲ ಸಾಮ್ರಾಜ್ಯದಲ್ಲೆಲ್ಲಿಯೂ ಇರಲಿಲ್ಲ. ಹಿತೈಷಿಗಳಿಗೂ ಅದು ನಿರರ್ಥಕವೆನಿಸಿದ್ದರೆ ಆಶ್ಚರ್ಯವಿಲ್ಲ. ಆಗಿನ ಆಕ್ಸ್‌ಫರ್ಡಿನಲ್ಲಿ ಸ್ತ್ರೀಯರು ಪಾಠಗಳನ್ನು ಕೇಳಬಹುದು, ಅದೂ ಹಿರಿಯ ಸ್ತ್ರೀಯೊಬ್ಬಳ ಜೊತೆಯಲ್ಲಿ. ಪದವಿಯನ್ನು ಮಾತ್ರ ಪಡೆಯಲಾಗದು. ಪ್ರತಿಯೊಂದು ಬಾಗಿಲಿಗೂ ಒಬ್ಬೊಬ್ಬರ ಅಪ್ಪಣೆ ಬೇಕು. ಬೇಲಿಯಲ್ ಕಾಲೇಜಿನ ಮುಖ್ಯಸ್ಥರಾಗಿದ್ದ ವೃದ್ಧ ಪಂಡಿತ ಬೆಂಜಮಿನ್ ಜವೆಟ್ಟರು ಈ ತರುಣಿಯ ಮೇಲೆ ವಿಶ್ವಾಸವಿಟ್ಟು ದೊಡ್ಡವರ ಪರಿಚಯ ಮಾಡಿಕೊಟ್ಟರು. ೧೮೯೦ರಲ್ಲಿ ಆಲ್ ಸೋಲ್ಸ್ ಕಾಲೇಜಿನ ಸರ್ ವಿಲಿಯಂ ಆನ್ಸನ್ನರು ತಮ್ಮ ಕಾಡ್ರಿಂಗ್ಟನ್ ಗ್ರಂಥಭಂಡಾರದಲ್ಲಿ ಓದಲು ಆಕೆಯನ್ನು ಕರೆದರು. ಕಾನೂನಿನ ಗ್ರಂಥಗಳಿಂದ ತುಂಬಿದ ಆ ಮಂದಿರದಲ್ಲಿ ಅದುವರೆಗೆ ಯಾವ ಸ್ತ್ರೀಯೂ ಓದುಗಳಾಗಿ ಕುಳಿತಿರಲಿಲ್ಲ. ಮೊದಲ ವರುಷದಲ್ಲಿ ದಯೆಯಿಂದ ದೊರೆತ ಓದನ್ನು ಓದಿದವಳು ಹೀಗೆ ತನ್ನ ಓದಿಗೆ ತಾನೇ ಬಂದು ಮುಟ್ಟಿದಳು.

ಮುಂದಿನ ಕಥೆಯನ್ನು ಬೇಗನೆ ಹೇಳಿಬಿಡುವೆನು. ೧೮೯೨ರಲ್ಲಿ ವಿಶ್ವವಿದ್ಯಾಲಯವು ಆಕೆಗೋಸ್ಕರ ವಿಶೇಷ ನಿರ್ಣಯವನ್ನು ಮಾಡಿ ಬಿ. ಸಿ. ಎಲ್. ಪರೀಕ್ಷೆಗೆ ಕೂಡಗೊಟ್ಟಿತು. ಆ ಪರೀಕ್ಷೆಗೆ ಕುಳಿತ ಮೊದಲ ಸ್ತ್ರೀಯು ಈಕೆ. ಬಂದುದು ಮೂರನೆಯ ವರ್ಗ. ಪುಣೆಯಲ್ಲಿ ಎಲ್ಲರಿಗಿಂತ ಮೇಲಾಗಿದ್ದವಳಿಗೆ ಅದು ನೋವನ್ನುಂಟುಮಾಡದೆ ಇದ್ದೀತೇ? ತೇರ್ಗಡೆಯಾದರೂ ಪದವಿಯಿಲ್ಲ. ಸ್ವದೇಶಕ್ಕೆ ಬಂದ ಮೇಲೆ ೧೮೯೭ರಲ್ಲಿ ಮುಂಬಯಿಯ ಎಲ್‌ಎಲ್. ಬಿ., ೧೮೯೯ರಲ್ಲಿ ಅಲಹಾಬಾದ್ ಹೈಕೋರ್ಟಿನ ವಕೀಲಿ ಪರೀಕ್ಷೆ, ಇವನ್ನೆಲ್ಲ ಮುಗಿಸಿದರೂ ಕೋರ್ಟಿನಲ್ಲಿ ವಕೀಲಳೆಂದು ನಿಲ್ಲಗೊಡಲಿಲ್ಲ. ೧೯೦೪ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಸ್ತ್ರೀಯರ ಪರವಾದ ಸಹಾಯಕಳಾಗಿ ನೇಮಕವಾಗಿ, ಇಪ್ಪತ್ತು ವರುಷಗಳ ಅವಧಿಯಲ್ಲಿ ಸುಮಾರು ಆರು ನೂರು ಮಂದಿ ಸ್ತ್ರೀಯರಿಗೂ ಅನಾಥ ಬಾಲಕರಿಗೂ ನೆರವಾದಳೆಂದು ಹೇಳುತ್ತಾರೆ.

ಸುರಪುರ ಸೀಮೆಯವರಾದ ನಮಗೆ ಈ ಕೆಲಸದ ಮಹತ್ವವನ್ನು ಬಿಡಿಸಿ ಹೇಳಬೇಕಾದುದಿಲ್ಲ. ವೆಂಕಟಪ್ಪ ನಾಯಕರು ೧೮೫೩ರಲ್ಲಿ ಸಂಸ್ಥಾನವನ್ನು ವಹಿಸಿಕೊಳ್ಳುವವರೆಗೂ, ಬಾಲಕ ರಾಜನನ್ನು ನಡುವಿಟ್ಟುಕೊಂಡು ರಾಣಿ ಈಶ್ವರಮ್ಮನವರಿಗೂ ಆಂಗ್ಲ ಅಧಿಕಾರಿ ಮೆಡೋಸ್ ಟೇಲರಿಗೂ ನಡೆದ ವಿರಸಗಳನ್ನು ಹಿರಿಯರು ಬಲ್ಲರು. ನಮಗೆ ದೊರೆತಿರುವುದು ಟೇಲರು ಬರೆದ ಕಥೆ. ರಾಣಿಯ ಮಾತನ್ನು ಕೇಳಿ ಬರೆದುಕೊಳ್ಳಲು ಕಾನೂನು ಬಲ್ಲ ಒಬ್ಬ ಹೆಣ್ಣು ಅಂದು ಇದ್ದಿದ್ದರೆ ಆ ಕಥೆಯು ಹೇಗಿರುತ್ತಿತ್ತೋ!

ಆಕೆಯ ಎಲ್ಲ ಅಭಿಪ್ರಾಯಗಳನ್ನೂ ಒಪ್ಪಲಾಗದು. ಆಂಗ್ಲರ ಆಳ್ವಿಕೆಯ ಪಕ್ಷವನ್ನೇ ಹಿಡಿದು ಗಾಂಧೀಜಿಯವರ ಚಳವಳಿಯನ್ನು ಆಕೆಯು ವಿರೋಧಿಸಿದಳು. ಇದರಿಂದ ಸ್ವದೇಶೀಯರ ಪ್ರೀತಿಯನ್ನು ಬಹುವಾಗಿ ಕಳೆದುಕೊಂಡಳು. ಬಾಗಿಲುಗಳನ್ನು ತೆರೆದ ಕೈಗಳ ಋಣವು ಎಲ್ಲಿ ಮುಗಿಯಬೇಕೆಂಬುದು ಆಕೆಗೆ ತಿಳಿಯಲಿಲ್ಲವೆಂದು ನನ್ನೆಣಿಕೆ.

ಆಕ್ಸ್‌ಫರ್ಡಿನವರು ಸ್ತ್ರೀಯರಿಗೆ ಪದವಿ ಕೊಡತೊಡಗಿದ್ದು ೧೯೨೦ರಲ್ಲಿ. ೧೯೨೨ರಲ್ಲಿ ಕಾರ್ನೀಲಿಯಾ ಅಲ್ಲಿಗೆ ಹೋಗಿ, ಪರೀಕ್ಷೆ ಕೊಟ್ಟ ಮೂವತ್ತು ವರುಷಗಳ ಮೇಲೆ, ತನ್ನ ಪದವಿಯನ್ನು ಪಡೆದಳು. ಮರುವರುಷ ಭಾರತದಲ್ಲಿಯೂ ಸ್ತ್ರೀಯರು ವಕೀಲಿ ಮಾಡಬಹುದೆಂಬ ಕಾಯಿದೆಯಾಯಿತು. ಕೊನೆಯ ಕಾಲವನ್ನು ಲಂಡನ್ನಿನಲ್ಲಿ ಕಳೆದು ೧೯೫೪ನೆಯ ಜುಲೈ ೬ರಂದು ಆಕೆಯು ತೀರಿಕೊಂಡಳು. ಆ ಮೊದಲ ಚಳಿಗಾಲದಿಂದ ಪುಣೆಗೆ ಬರೆದ ಪತ್ರಗಳು ಮತ್ತೆ ಸಮುದ್ರವನ್ನು ದಾಟಿ, ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ.