ಪ್ರೇಮಾ ಕಾರಂತ

ಕನ್ನಡದ ಪ್ರಥಮ ಚಲನಚಿತ್ರ ನಿರ್ದೇಶಕಿಯೆಂದು ಪ್ರಸಿದ್ಧರಾದ ಶ್ರೀಮತಿ ಪ್ರೇಮಾ ಕಾರಂತರು ವೃತ್ತಿಜೀವನವನ್ನು ಆರಂಭಿಸಿದ್ದು ಶಾಲಾ ಅಧ್ಯಾಪಿಕೆಯಾಗಿ. 1936ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಅವರು ತಾಯಿಯ ತಂದೆತಾಯಿಗಳ ಆಶ್ರಯದಲ್ಲಿ ಬೆಳೆದು, ಬೆಂಗಳೂರಿನ ಮಹಿಳಾ ಸೇವಾ ಸಮಾಜದಲ್ಲಿ ಶಿಕ್ಷಕಿಯಾದರು.

1958ರಲ್ಲಿ ಅವರ ಕೈಹಿಡಿದವರು ಬಾಬುಕೋಡಿ ವೆಂಕಟರಮಣ ಕಾರಂತರು. ಬಂಟ್ವಾಳ ಸೀಮೆಯ ಮಂಚಿಯಿಂದ ಬಾಲ್ಯದಲ್ಲಿಯೇ ಮನೆಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದವರು. ಗುಬ್ಬಿ ವೀರಣ್ಣನವರ ನೆರವಿನಿಂದ ಕಾಶಿಯಲ್ಲಿ ವಿದ್ಯಾಭ್ಯಾಸ, ಅನಂತರ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ. ದೆಹಲಿಯಲ್ಲಿ ಪ್ರೇಮಾ ಅವರು ಶಾಲೆಯೊಂದರಲ್ಲಿ ಪಾಠ ಹೇಳಿ ಪತಿಯ ವ್ಯಾಸಂಗಕ್ಕೆ ಆಸರೆಯಾದರು. ತಮ್ಮ ಸರದಿ ಬಂದಾಗ ತಾವೂ ಅದೇ ನಾಟಕ ಶಾಲೆಯಲ್ಲಿ ಕಲಿತು ಪದವೀಧರೆಯಾದರು.

ರಂಗಭೂಮಿಯಲ್ಲಿ ಅವರ ಸಾಧನೆಯ ಬಹುಪಾಲು ತೆರೆಯ ಹಿಂದಿನದು. 'ಹಯವದನ' ಮೊದಲಾಗಿ ಅನೇಕಾನೇಕ ನಾಟಕಗಳಿಗೆ ಉಡುಗೆತೊಡುಗೆಗಳನ್ನು ರೂಪಿಸಿದರು. ಜಿ. ವಿ. ಅಯ್ಯರ್ ಅವರ 'ಹಂಸಗೀತೆ'ಗೆ ವಸ್ತ್ರವಿನ್ಯಾಸ ಮಾಡುವ ಮೂಲಕ ಚಿತ್ರರಂಗಕ್ಕೂ ಕಾಲಿಟ್ಟರು. ನಾಟಕವನ್ನು ನೋಡಿದವರಿಗೆ ನಟನ ಹೆಸರು ನೆನಪಿರುತ್ತದೆ, ಉಡುಪನ್ನು ಹೊಂದಿಸಿದವರ ಹೆಸರು ಉಳಿಯುವುದು ಅಪರೂಪ.

ಆ ತೆರೆಯನ್ನು ಸರಿಸಿದ್ದು 'ಫಣಿಯಮ್ಮ'. ಕುಂದಾಪುರದಿಂದ ಘಟ್ಟ ಹತ್ತಿದರೆ ದೊರೆಯುವ ತೀರ್ಥಹಳ್ಳಿ ಸೀಮೆಯವರಾದ ಎಂ. ಕೆ. ಇಂದಿರಾ ಅವರು, ಬಾಲ್ಯದಲ್ಲಿ ತಾವು ಕಂಡ ವೃದ್ಧ ವಿಧವೆಯೊಬ್ಬರ ಜೀವನವನ್ನು ಆಧರಿಸಿ ರಚಿಸಿದ ಕಾದಂಬರಿ ಅದು. ಆಡುವ ವಯಸ್ಸಿನಲ್ಲಿಯೇ ಮದುವೆ. ಹಿಂದೆಯೇ ಹಾವು ಕಚ್ಚಿ ಗಂಡನ ಮರಣ. ಮೈನೆರೆದ ಮೇಲೆ ಕೇಶಮುಂಡನ. ಅಲ್ಲಿಂದಾಚೆಗೆ ಬಂಧುಗಳ ತುಂಬು ಸಂಸಾರದಲ್ಲಿ ದುಡಿಯುವುದೇ ಬಾಳು. ಆದರೂ ಆಕೆ ಹೆರಿಗೆಯಲ್ಲಿ ಸಂಕಟಪಡುತ್ತಿದ್ದ ಅನ್ಯಜಾತಿಯ ಹೆಣ್ಣಿನ ಬಳಿಗೆ ಮಡಿಯನ್ನು ಬದಿಗಿಟ್ಟು ಹೋಗುತ್ತಾಳೆ. ತಲೆ ಬೋಳಿಸಿಕೊಳ್ಳಲೊಲ್ಲೆನೆಂದ ತರುಣ ವಿಧವೆ ದಾಕ್ಷಾಯಿಣಿಯ ಪಕ್ಷ ವಹಿಸುತ್ತಾಳೆ. ಸಂಪ್ರದಾಯವು ಅಂಥ ವಿಧವೆಗೆ ಬಿಟ್ಟದ್ದು ಕೆಂಪು ಸೀರೆಯೊಂದನ್ನೇ. ನೂರಾರು ಪಾತ್ರಗಳಿಗೆ ಬಣ್ಣಬಣ್ಣದ ಉಡುಪು ತೊಡಿಸಿದ ಕಲಾವಿದೆ ತಮ್ಮ ಮೊದಲ ಚಿತ್ರಕ್ಕೆ ಆರಿಸಿಕೊಂಡದ್ದು ಉಡುಪೇ ಶಿಕ್ಷೆಯಾದ ಹೆಣ್ಣಿನ ಬದುಕನ್ನು!

ಪ್ರಧಾನ ಪಾತ್ರವನ್ನು ಎಲ್. ವಿ. ಶಾರದಾ ಅವರಿಗೆ ವಹಿಸಿದುದೂ ಗಮನಾರ್ಹ. ಪ್ರೇಮಾ ಅವರ ಪತಿ ಕಾರಂತರು ಗಿರೀಶ ಕಾರ್ನಾಡರೊಡನೆ ನಿರ್ದೇಶಿಸಿದ 'ವಂಶವೃಕ್ಷ'ದಲ್ಲಿ ಮರುಮದುವೆಯಾಗುವ ವಿಧವೆ ಕಾತ್ಯಾಯಿನಿಯಾಗಿ ಅಭಿನಯಿಸಿದ್ದವರೇ ಅವರು. ಸಂಗೀತ ಬಿ. ವಿ. ಕಾರಂತರದು, ಚಿತ್ರದ ದೃಷ್ಟಿ ಮಾತ್ರ ಪೂರ್ಣವಾಗಿ ಪ್ರೇಮಾ ಅವರದು. ಕಣ್ಣೀರು ತರಿಸಲು ಅವಕಾಶವಿದ್ದ ಕಡೆಗಳಲ್ಲಿಯೂ ಅವರು ಸಂಯಮ ತೋರಿದ್ದಾರೆ. 30ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕನ್ನಡದ ಅತ್ಯುತ್ತಮ ಚಿತ್ರವೆಂಬ ಗೌರವ ಅದಕ್ಕೆ ಸಂದಿತು. ಆಗ ನಿರ್ದೇಶಕಿಯ ವಯಸ್ಸು ನಲವತ್ತೈದನ್ನು ದಾಟಿತ್ತು.

ಇಷ್ಟಾದರೂ ಅವರು ನಿರ್ದೇಶಿಸಿದ ಚಿತ್ರಗಳು ಬೆರಳೆಣಿಕೆಯವು. 'ನಕ್ಕಳಾ ರಾಜಕುಮಾರಿ', ಹಿಂದಿಯ 'ಬಂದ್ ಝರೋಖೆ' ಅವುಗಳಲ್ಲಿ ಸೇರಿವೆ. ಇಂಥ ಪ್ರತಿಭೆಗೆ ಹೆಚ್ಚಿನ ಅವಕಾಶಗಳು ದೊರೆಯದೆ ಹೋದದ್ದು ಕನ್ನಡಕ್ಕಾದ ನಷ್ಟವೆಂದೇ ಹೇಳಬೇಕು. ಶಿಕ್ಷಕಿಯ ಮನಸ್ಸು ಮಾತ್ರ ಮಕ್ಕಳನ್ನು ಬಿಡಲಿಲ್ಲ. ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿ, 'ಅಳಿಲು ರಾಮಾಯಣ' ಮುಂತಾದ ನಾಟಕಗಳನ್ನು ಮಕ್ಕಳಿಂದಲೇ ಆಡಿಸಿದರು.

ಕಾರಂತರು 2002ರಲ್ಲಿ ತೀರಿಕೊಂಡರು. ಪ್ರೇಮಾ ಅವರು 2007ರ ಅಕ್ಟೋಬರ್ 29ರಂದು. ಕಾರಂತರ ಆತ್ಮಕಥೆಯನ್ನು ನಿರೂಪಿಸಿದವರು ಕುಂದಾಪುರದ ವೈದೇಹಿಯವರು. ಅದೇ ದಾಂಪತ್ಯವನ್ನು ಅಡುಗೆಮನೆಯ ಕಡೆಯಿಂದಲೂ ಅರಿಯಬಯಸುವವರು ಪ್ರೇಮಾ ಅವರ ಆತ್ಮಕಥೆ 'ಸೋಲಿಸಬೇಡ ಗೆಲಿಸಯ್ಯಾ'ವನ್ನು ಓದಬೇಕು.