ಬ್ಯಾಂಡ್ ಕಟ್ಟಿದವನ ಹೆಸರು ಹಾಡಿನ ಮೇಲಿರಲಿಲ್ಲ
ರೋಲಿಂಗ್ ಸ್ಟೋನ್ಸ್ ಅಂದ ತಕ್ಷಣ ನೆನಪಾಗೋದು ಮಿಕ್ ಜಾಗರ್, ಕೀತ್ ರಿಚರ್ಡ್ಸ್. ಆದರೆ 1962ರಲ್ಲಿ ಪತ್ರಿಕೆಗೆ ಜಾಹೀರಾತು ಕೊಟ್ಟು ವಾದಕರನ್ನು ಹುಡುಕಿದ್ದು, ಮಡ್ಡಿ ವಾಟರ್ಸ್ ಹಾಡೊಂದರಿಂದ ಬ್ಯಾಂಡಿಗೆ ಹೆಸರಿಟ್ಟಿದ್ದು ಬ್ರಯಾನ್ ಜೋನ್ಸ್.

1942ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಹುಟ್ಟಿದ ಈತನಿಗೆ ಅಮೆರಿಕದ ಕಪ್ಪು ಜನರ ಬ್ಲೂಸ್ ಅಂದ್ರೆ ಹುಚ್ಚು. ಕೈಗೆ ಸಿಕ್ಕ ವಾದ್ಯವೆಲ್ಲ ಒಲಿಯುತ್ತಿತ್ತು. ‘ಪೇಂಟ್ ಇಟ್ ಬ್ಲ್ಯಾಕ್’ನ ಸಿತಾರ್, ‘ಅಂಡರ್ ಮೈ ಥಂಬ್’ನ ಮರಿಂಬಾ, ‘ರೂಬಿ ಟ್ಯೂಸ್‌ಡೇ’ಯ ರೆಕಾರ್ಡರ್ ನುಡಿಸಿದ್ದು ಅವನೇ. ಅವನ್ನು ತೆಗೆದರೆ ಆ ಹಾಡುಗಳ ಗುರುತೇ ಹೋಗುತ್ತೆ.

ಆದರೆ ಹಾಡಿನ ರಾಯಲ್ಟಿ ಹೋಗೋದು ಬರೆದವರೆಂದು ದಾಖಲಾದವರಿಗೆ. ಮೂರರಲ್ಲೂ ಇರುವುದು ಜಾಗರ್–ರಿಚರ್ಡ್ಸ್ ಹೆಸರು. ಹಾಗಂತ ಜೋನ್ಸ್ ಅಮಾಯಕನೇನಲ್ಲ. ಶುರುವಿನಲ್ಲಿ ನಾಯಕ ತಾನೆಂದು ಉಳಿದವರಿಗೆ ತಿಳಿಯದಂತೆ 5 ಪೌಂಡ್ ಹೆಚ್ಚು ಪಡೆದಿದ್ದ.

ಡ್ರಗ್ಸ್, ಬಂಧನ, ಕೋರ್ಟು ಅವನನ್ನು ಹಣ್ಣು ಮಾಡಿದವು. 1969ರ ಜೂನ್‌ನಲ್ಲಿ ತಾನೇ ಕಟ್ಟಿದ ಬ್ಯಾಂಡಿನಿಂದ ಹೊರಬಿದ್ದ. ಜುಲೈ 3ರಂದು ಮನೆಯ ಈಜುಕೊಳದಲ್ಲಿ ಮುಳುಗಿ ಸತ್ತಾಗ ವಯಸ್ಸು 27. ಎರಡೇ ದಿನಕ್ಕೆ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೊಸ ಗಿಟಾರಿಸ್ಟ್ ಜೊತೆ ಬ್ಯಾಂಡ್ ವೇದಿಕೆ ಹತ್ತಿತು.

ಹತ್ತು ಜನ ಸೇರಿ ಮಾಡುವ ಯಾವ ಕೆಲಸದಲ್ಲೂ ಕಾಗದದ ಮೇಲೆ ಯಾರ ಹೆಸರಿದೆ ಅಂತ ಮೊದಲ ದಿನವೇ ಕೇಳಬೇಕು. ಕೇಳೋದು ಸಣ್ಣತನವಲ್ಲ, ಹಕ್ಕು.